ಬೊಗಸೆ ನೀರು

“ನಿಮ್ಮಮ್ಮನ್ನ ಯಾಕ್ರೀ ಕರ್ಕೊಂಡ್ ಬಂದ್ರಿ? ಥೂ, ಎರಡು ತಿಂಗಳ ಕೆಲಸ ಎರಡೇ ನಿಮಿಷಕ್ಕೆ ಹಾಳ್ ಮಾಡಿದ್ರಲ್ರೀ.” ಬ್ರೋಕರ್ ಗೋಪೀನಾಥ ಗೇಟಿನ ಬಳಿ ಹಲ್ಲು ಕಡಿದ.

ಹವಾಲ್ದಾರ್ ನಾಗರಾಜು ಖಾಲಿ ಮನೆಯ ಕಡೆಗೆ ತಿರುಗಿ ನೋಡಿದ. ಮನೆ ಹುಡುಕಲು ಅವನು ಮೂರು ರಜೆ ಸುಟ್ಟಿದ್ದ. ಪ್ರತಿ ಸಲ ಗಡಿಯಿಂದ ಊರಿಗೆ ಬರುವಷ್ಟರಲ್ಲಿ ಬೆಲೆ ಕೈಗೆಟುಕದಷ್ಟು ಮೇಲೇರಿರುತ್ತಿತ್ತು. ಮಹಾಲಕ್ಷ್ಮಿ ಲೇಔಟಿನ ಆಸೆ ಬಿಟ್ಟ, ವಿಜಯನಗರದ್ದೂ ಬಿಟ್ಟ. ಕೊನೆಗೆ ಗಂಟು ಬಿದ್ದದ್ದು ದೀಪಾಂಜಲಿ ನಗರದ ಈ ಎರಡು ರೂಮಿನ ಖಾಲಿ ಮನೆ. ಬ್ಯಾಂಕಿನ ಸಾಲ ಮಂಜೂರಾಗಿತ್ತು. ನಾಳೆ ಅಗ್ರಿಮೆಂಟು, ನಾಳಿದ್ದು ರೈಲು. ಇದು ತಪ್ಪಿದರೆ ತಾಯಿ ಮುನಿತಾಯಮ್ಮ ಸೋರುವ ಶೀಟಿನ ಕೆಳಗೆ ಇನ್ನೊಂದು ವರ್ಷ ಕೆಮ್ಮಬೇಕು.

ಮಾಲೀಕ ಕಾಂತರಾಜು ಇರುವುದು ಪಕ್ಕದ ಮೂರಂತಸ್ತಿನ ಮನೆಯಲ್ಲಿ. ಮೊದಲ ದಿನ ಎದ್ದು ನಿಂತು ಸೆಲ್ಯೂಟ್ ಹೊಡೆದಿದ್ದ. “ದೇಶ ಕಾಯೋರು ಸಾರ್ ನೀವು. ನಿಮಗ್ ಕೊಡ್ದೆ ಇನ್ಯಾರಿಗ್ ಕೊಡ್ಲಿ?” ಹೆಗಲ ಮೇಲೆ ಕೈ ಹಾಕಿ ಫೋಟೋ ಬೇರೆ. ಯೂನಿಫಾರಮ್ಮಿಗೆ ಜಾತಿಯಿಲ್ಲವೆಂದು ನಾಗರಾಜು ನಂಬಿಬಿಟ್ಟ, ಪಾಪ.

ಇವತ್ತು ತಾಯಿಗೆ ಮನೆ ತೋರಿಸಲು ಕರೆತಂದಿದ್ದ. ಖಾಲಿ ಹಾಲಿನಲ್ಲಿ ಕಾಂತರಾಜುವಿನ ಹೆಂಡತಿ ಅಂಬುಜಾ ಸ್ಟೀಲ್ ಲೋಟದಲ್ಲಿ ನೀರು ತಂದು ಕೈ ಚಾಚಿದಳು. ಮುನಿತಾಯಮ್ಮ ಲೋಟ ಮುಟ್ಟಲಿಲ್ಲ. ತಟ್ಟನೆ ಬಗ್ಗಿ, ಎರಡೂ ಕೈ ಬೊಗಸೆ ಮಾಡಿ ಬಾಯಿಗಿಟ್ಟುಕೊಂಡು, ಮೇಲಿಂದ ಹುಯ್ಯಲಿ ಎಂದು ಕಾದಳು. ಚಿಕ್ಕಂದಿನಲ್ಲಿ ನಾಯಂಡಹಳ್ಳಿಯ ಗೌಡರ ಅಂಗಳಗಳಲ್ಲಿ ಕಲಿಸಿದ ಪಾಠ. ಮೂವತ್ತು ವರ್ಷ ಪೌರಕಾರ್ಮಿಕಳಾಗಿ ಇದೇ ಬೀದಿಗಳನ್ನು ಗುಡಿಸುವಾಗಲೂ ಅದನ್ನು ಯಾರೂ ಬಿಡಿಸಿರಲಿಲ್ಲ. ಅಂಬುಜಾ ಗಂಡನ ಮುಖ ನೋಡಿದಳು. ಯಾವ ಕೇರಿಯವರೆಂದು ಇನ್ನು ಕೇಳುವ ಅಗತ್ಯವೇ ಇರಲಿಲ್ಲ.

ಒಂದು ಗಳಿಗೆ ನಾಗರಾಜುವಿಗೆ ಸಿಟ್ಟು ಬಂದದ್ದು ತಾಯಿಯ ಮೇಲೆಯೇ. ಆ ನಾಚಿಕೆಗೇ ಈಗ ಗೇಟಿನ ಬಳಿ ಅವನ ಮೈಯೆಲ್ಲ ಉರಿಯುತ್ತಿತ್ತು.

ಕಾಂತರಾಜು ಬೀಗದ ಕೈ ಹಿಡಿದು ಹೊರಗೆ ಬಂದ. ಮಾತಿನಲ್ಲಿ ‘ಸಾರ್’ ಹೋಗಿ ‘ಅಪ್ಪಾ’ ಬಂದಿತ್ತು.

“ನೋಡಪ್ಪಾ, ಮನೆ ಮಾರಲ್ಲ. ನನ್ ತಮ್ಮ ಒಪ್ತಿಲ್ಲ.”

“ನಿಮಗೆ ತಮ್ಮ ಎಲ್ಲವ್ನೆ ಸಾರ್? ಒಬ್ಬನೇ ಮಗ ಅಂತ ವಂಶವೃಕ್ಷ ತೋರಿಸಿದ್ರಲ್ಲ.”

“ಬಾಯ್ ಜಾಸ್ತಿ ಆಯ್ತು ನಿಂದು. ಈ ಬೀದೀಲಿರೋರೆಲ್ಲ ನಮ್ ನೆಂಟ್ರು, ಮುಖಕ್ಕುಗೀತಾರೆ. ನಾವು ಇಂಥೋರು ಅಂತ ಮೊದ್ಲೇ ಬೊಗಳೋಕ್ ಏನಾಗಿತ್ತು?”

“ಸೆಲ್ಯೂಟ್ ಹೊಡೀವಾಗ ನೀನ್ಯಾಕ್ ಕೇಳ್ಲಿಲ್ವೋ ಬೋಳಿಮಗನೇ?”

ಗೋಪೀನಾಥ ನಡುವೆ ನುಗ್ಗಿ ರಟ್ಟೆ ಹಿಡಿದ. “ಬಿಡಿ ಸಾರ್. ಕೆಂಗೇರಿ ಆಚೆ ನಿಮ್ಮೋರೇ ಇರೋ ಏರಿಯಾ ಐತೆ, ಅಲ್ಲಿ ಕೊಡಿಸ್ತೀನಿ.”

ನಿಮ್ಮೋರು. ಸಹಾಯ ಮಾಡುವವನ ಬಾಯಲ್ಲೂ ಅದೇ ಮಾತು. ನಾಗರಾಜು ಕೈ ಕೊಡವಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ನಿಂತಿದ್ದ ತಾಯಿಯತ್ತ ತಿರುಗಿದ.

“ಬಾ ಅವ್ವಾ, ಹೋಗಣ.”

ಮುನಿತಾಯಮ್ಮ ಬರಲಿಲ್ಲ. ಅಂಬುಜಾಳನ್ನು ದಾಟಿ ಒಳಗೆ ಹೋದಳು. ಹಾಲಿನ ನಟ್ಟನಡುವೆ ಕಾಲು ಚಾಚಿ ಕೂತಳು.

“ಏಯ್, ಏಳಮ್ಮ ಮೇಲೆ,” ಎಂದು ಕಾಂತರಾಜು ಹಿಂದೆಯೇ ಓಡಿದ.

“ಏಳಕಿಲ್ಲ ಕಣಪ್ಪ. ಮೂವತ್ತು ವರ್ಷ ನಿಮ್ಮ ಹೇಲು ಉಚ್ಚೆ ಬಳಿದಿವ್ನಿ, ಒಂದಿನ ಕುಂತೋಳಲ್ಲ. ನನ್ ಮಗಂಗೆ ಮಾತು ಕೊಟ್ಟಿದ್ದೀಯ. ಅಗ್ರಿಮೆಂಟು ಆಗಗಂಟ ಇಲ್ಲೇ ಕುಂತಿರ್ತೀನಿ.”

“ಪೊಲೀಸ್ ಕರೀತೀನಿ ನೋಡು.”

ನಾಗರಾಜು ಒಳಗೆ ಬಂದು ತಾಯಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. “ಕರಿ. ಮನೆ ಯಾಕ್ ಕೊಡಲ್ಲ ಅಂದೆ, ಅವರ ಮುಂದೆ ನೀನೇ ಹೇಳು. ನಾನು ಅದನ್ನೇ ಕಂಪ್ಲೇಂಟಲ್ಲಿ ಬರೆಸ್ತೀನಿ.”

ಕಾಂತರಾಜು ಮೊಬೈಲಿನಲ್ಲಿ ಮೂರು ಅಂಕಿ ಒತ್ತಿದ. ಕರೆಯುವ ಗುಂಡಿಯ ಮೇಲೆ ಅವನ ಹೆಬ್ಬೆರಳು ನಿಂತೇ ಇತ್ತು.

“ಒತ್ತಲಾ,” ಎಂದಳು ಮುನಿತಾಯಮ್ಮ.