ಎಲ್ಲರ ಕಣ್ಣಿಗೂ ಕಾಣುವ ಹಾಗೆ

"ವೇಳಾಪಟ್ಟಿ ಗೋಡೆಗೆ ಅಂಟಿಸಿದ್ಯೋ ಇಲ್ವೋ, ಅಷ್ಟು ಹೇಳಮ್ಮ," ಎಂದರು ಗೋಂದು ಮೇಡಂ.

ಫೋನಿನ ಆ ಕಡೆಯಿಂದ ಹುಡುಗಿ ಪಿಸುದನಿಯಲ್ಲಿ ಮಾತಾಡುತ್ತಿದ್ದಳು. "ಅಂಟಿಸ್ತೀನಿ ಮೇಡಂ. ಪರೀಕ್ಷೆ ಒಂದು ಮುಗೀಲಿ."

"ಚೆನ್ನಾಗಿದೆ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಪರೀಕ್ಷೆಗೆ ಇನ್ನು ಹನ್ನೊಂದೇ ದಿನ ಇರೋದು."

"ನಮ್ಮನೆ ಗೋಡೆಗೆ ಹೊಸ ಬಣ್ಣ ಹೊಡೆದಿದ್ದಾರೆ ಮೇಡಂ. ಅಂಟಿಸೋ ಹಾಗಿಲ್ಲ."

ದೂರಶಿಕ್ಷಣದ ಆ ಕಚೇರಿಯಲ್ಲಿ ಮೇಡಂ ಹತ್ತು ವರ್ಷದಿಂದ ಸಲಹೆಗಾರ್ತಿ. ಒಂದಲ್ಲ ಒಂದು ಕಾರಣಕ್ಕೆ ಶಾಲೆ ಬಿಟ್ಟ ಮಕ್ಕಳು ಮನೆಯಲ್ಲೇ ಕೂತು ಪ್ರೌಢಶಾಲೆ ಮುಗಿಸುವ ವ್ಯವಸ್ಥೆ ಅದು. ಪಾಠ, ಉತ್ತರ ಎಲ್ಲವೂ ಫೋನಿನಲ್ಲಿ. ಕೊನೆಯ ಪರೀಕ್ಷೆಗೆ ಮಾತ್ರ ಖುದ್ದಾಗಿ ಬರಬೇಕು. ಮುನ್ನೂರು ಮಕ್ಕಳ ಪೈಕಿ ಮೇಡಂ ಮುಖ ನೋಡಿದ್ದು ಬೆರಳೆಣಿಕೆಯಷ್ಟು ಮಂದಿಯದು. ಆದರೂ ಅವರೆಲ್ಲರ ಓದಿನ ವೇಳಾಪಟ್ಟಿ ಮೇಡಂ ತಾವೇ ಬಣ್ಣಬಣ್ಣದಲ್ಲಿ ಬರೆಯುತ್ತಿದ್ದರು. ಅದನ್ನು ಮನೆಯವರೆಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಿ ಫೋಟೋ ಕಳಿಸಬೇಕು, ಇದು ಅವರ ಕಟ್ಟಪ್ಪಣೆ. ಫ್ರಿಜ್ಜಿನ ಮೇಲೆ, ಆಸ್ಪತ್ರೆ ಮಂಚದ ತಲೆಯ ಕಡೆ, ಲಾರಿಯ ಒಳಗೆ ಅಂಟಿಸಿದ ಪಟ್ಟಿಗಳ ಫೋಟೋಗಳು ಕಚೇರಿಯ ಬೋರ್ಡಿನ ತುಂಬ ಇದ್ದವು. ಅಂಟಿಸಿದವರು ಪಾಸಾಗುತ್ತಾರೆ ಎನ್ನುವುದು ಅವರ ವೇದವಾಕ್ಯ. ಪಕ್ಕದ ಮೇಜಿನ ಗಣಿತದ ಮೇಷ್ಟ್ರು ಇಟ್ಟ ಹೆಸರೇ ಗೋಂದು ಮೇಡಂ, ಅದು ಅಂಟಿಕೊಂಡೂ ಬಿಟ್ಟಿತು.

ಅಂಟಿಸದವರ ನೆಪಗಳನ್ನೆಲ್ಲ ಅವರು ಅರೆದು ಕುಡಿದಿದ್ದರು. ಹೊಸ ಬಣ್ಣದ ನೆಪ ಮಾತ್ರ ಹೊಸದು.

"ನಿನ್ನ ಹತ್ರ ಪ್ರಿಂಟ್ ತೆಗೆಸೋಕೆ ದುಡ್ಡಿಲ್ಲ, ಅಷ್ಟೇ ತಾನೇ? ನಾನೇ ಅಂಚೇಲಿ ಕಳಿಸ್ತೀನಿ ಬಿಡು."

"ಬೇಡ ಮೇಡಂ, ಬೇಡ..." ಮಗುವೊಂದು ಎದ್ದು ಅತ್ತ ಸದ್ದು. ಫೋನು ಕಟ್ಟಾಯಿತು.

ಸಂಕೋಚದ ಹುಡುಗಿ ಎಂದುಕೊಂಡರು ಮೇಡಂ. ಹದಿನಾರು ವರ್ಷ, ಗಣಿತದಲ್ಲಿ ಮುನ್ನೂರು ಮಕ್ಕಳಿಗೂ ಮುಂದು. ಇಂಥವಳ ಮನೆಯವರಿಗೆ ನಾಲ್ಕು ಒಳ್ಳೆಯ ಮಾತು ಬರೆದರೆ ತಪ್ಪೇನು? ಬರೆದರು. ನಿಮ್ಮ ಹುಡುಗಿ ನಿಮ್ಮ ಹೆಮ್ಮೆ. ಎಂಟು ತಿಂಗಳಿಂದ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ತಪ್ಪದೆ ಓದುತ್ತಿದ್ದಾಳೆ. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮಾತಾಡಿಸಬೇಡಿ. ಪಟ್ಟಿಯನ್ನು ಎಲ್ಲರ ಕಣ್ಣಿಗೂ ಕಾಣುವ ಹಾಗೆ ಅಂಟಿಸಿ. ಪರೀಕ್ಷೆಯ ಪ್ರವೇಶಪತ್ರವನ್ನೂ ಅದೇ ಲಕೋಟೆಯಲ್ಲಿಟ್ಟು, ಮೇಲೆ 'ಪೋಷಕರಿಗೆ' ಎಂದು ಬರೆದು, ತಾವೇ ಹೋಗಿ ಅಂಚೆಗೆ ಹಾಕಿ ಬಂದರು.

ಐದನೆಯ ದಿನ ಗಣಿತದ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಕೇಳಿದರು, "ನಿಮ್ಮ ಎರಡು ಗಂಟೆ ಹುಡುಗಿ ಎಲ್ರೀ? ಮೂರು ದಿನದಿಂದ ಒಂದು ಲೆಕ್ಕಾನೂ ಬಂದಿಲ್ಲ."

"ಜ್ವರ ಇರಬೇಕು."

"ಜ್ವರ ಬಂದಾಗಲೂ ಕಳಿಸಿದೋಳು ಅವಳು."

ಮೇಡಂ ಎದ್ದು ಹುಡುಗಿಯ ಅರ್ಜಿ ಹುಡುಕಿ ತೆಗೆದರು. ಪೋಷಕರ ಸಹಿಯ ಜಾಗದಲ್ಲಿ ಅತ್ತಿಗೆಯ ಸಹಿ. ಶಾಲೆ ಬಿಟ್ಟ ಕಾರಣ ಎಂಬಲ್ಲಿ 'ಅಣ್ಣ ಬೇಡ ಅಂದ' ಎಂದು ಬರೆದು, ಒಂದು ಗೆರೆ ಹೊಡೆದು, 'ಮಗು ನೋಡಿಕೊಳ್ಳಬೇಕು' ಎಂದು ತಿದ್ದಿದ್ದಳು. ಹುಡುಗಿಯ ಭಾವಚಿತ್ರವನ್ನು ಮೇಡಂ ತಾವೇ ಗೋಂದು ಬಳಿದು ಅಂಟಿಸಿದ್ದರು. ಚಿತ್ರ ಕೊಂಚ ದೊಡ್ಡದು, ಚೌಕ ಮೀರಿ ಕೂತಿತ್ತು. ಈಗ ಒಂದು ಮೂಲೆ ಎದ್ದಿತ್ತು, ಅದರಡಿ ಪೆನ್ಸಿಲಿನ ಅಕ್ಷರ ಇಣುಕುತ್ತಿತ್ತು. ಮೇಡಂ ಉಗುರು ಹಾಕಿ ಮೆಲ್ಲಗೆ ಬಿಡಿಸಿದರು.

'ದಯವಿಟ್ಟು ಮನೆಗೆ ಕಾಗದ ಕಳಿಸಬೇಡಿ.'

ಮೇಡಂ ತಟ್ಟನೆ ಫೋನು ಕೈಗೆತ್ತಿಕೊಂಡರು. ಗಡಿಯಾರ ನೋಡಿದರು, ಎರಡೂ ಇಪ್ಪತ್ತು. ಹುಡುಗಿ ಫೋನೆತ್ತುವ ಹೊತ್ತೇ. ಒಂದೇ ಸಲ ರಿಂಗಾಗುತ್ತಲೇ ಆ ಕಡೆ ಎತ್ತಿದರು.

"ಹೇಳಿ ಮೇಡಂ. ನಾನು ಅವಳ ಅಣ್ಣ." ಮೆದುವಾದ ದನಿ. ಹಿಂದೆ ಎಲ್ಲೋ ಮಗು ಅಳುತ್ತಿತ್ತು, ಯಾರೂ ಸಮಾಧಾನ ಮಾಡುತ್ತಿರಲಿಲ್ಲ. "ನಿಮ್ಮ ಕಾಗದ ಬಂತು. ದೊಡ್ಡ ಉಪಕಾರ ಮಾಡಿದ್ರಿ. ನನ್ನ ಮನೇಲಿ ಎಂಟು ತಿಂಗಳಿಂದ ಏನು ನಡೀತಿದೆ ಅಂತ ನನಗೇ ಗೊತ್ತಿರಲಿಲ್ಲ ನೋಡಿ."

"ಹುಡುಗಿ ಹತ್ರ ಒಂದು ನಿಮಿಷ ಮಾತಾಡ್ಬೇಕಿತ್ತು."

"ಓದ್ತಿದ್ದಾಳೆ. ಈ ಹೊತ್ತಲ್ಲಿ ಯಾರೂ ಮಾತಾಡಿಸ್ಬಾರದು ಅಂತ ನೀವೇ ಬರೆದಿದ್ದೀರಲ್ಲ."

"ಹಾಗಾದ್ರೆ ಅವಳ ಅತ್ತಿಗೆಗೆ ಕೊಡಿ."

"ಅವಳೂ ಅಲ್ಲೇ ಇದ್ದಾಳೆ. ಇಷ್ಟು ದಿನ ಜೊತೆಗಿದ್ದೋಳು, ಈಗ ಬಿಟ್ಟಿರೋಕಾಗುತ್ತಾ?"

"ಮಗು ಅಳ್ತಾ ಇದೆ..."

"ಅಳುತ್ತೆ. ಸುಮ್ಮನಾಗುತ್ತೆ."

"ನೋಡಿ, ಪರೀಕ್ಷೆಗೆ ಆರು ದಿನ ಇದೆ. ಪ್ರವೇಶಪತ್ರ ಇಲ್ಲದೆ ಅವಳನ್ನ ಒಳಗೆ ಬಿಡಲ್ಲ."

"ನನ್ನ ಜೇಬಲ್ಲಿ ಭದ್ರವಾಗಿದೆ. ನಿಮ್ಮ ಪಟ್ಟೀನೂ ಅಂಟಿಸಿದ್ದೀನಿ. ನಾನು ಬಡಗಿ ಮೇಡಂ, ಒಂದು ಕೂದಲೆಳೆ ಓರೆಯಾದ್ರೂ ನನಗೆ ನಿದ್ದೆ ಬರಲ್ಲ. ರಸಮಟ್ಟ ಇಟ್ಟು, ಗುರುತು ಹಾಕ್ಕೊಂಡೇ ಅಂಟಿಸಿದೆ. ಫೋಟೋ ಕಳಿಸ್ತೀನಿ, ನೋಡಿ."

ಫೋನಿಟ್ಟ ಮೇಲೆ ಮೇಡಂ ಕೂತಲ್ಲೇ ಕೂತಿದ್ದರು. ಎಷ್ಟು ಮಕ್ಕಳಿಗೆ ದನಿ ಎತ್ತಿ ಮಾತಾಡು ಎಂದು ಗದರಿದ್ದರೋ! ಈ ಹುಡುಗಿ ಯಾಕೆ ಪಿಸುಗುಡುತ್ತಾಳೆ ಎಂದು ಒಂದು ದಿನವಾದರೂ ಕೇಳಿರಲಿಲ್ಲ. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಫೋನು ಟಿಣ್ ಎಂದಿತು. ಮೇಷ್ಟ್ರು ಬಗ್ಗಿ ನೋಡಿ ಹಗುರಾದರು. "ಅಬ್ಬ, ಅಂಟಿಸಿದ್ದಾರಲ್ಲ! ಎಷ್ಟು ನೇರವಾಗಿದೆ ನೋಡಿ. ಬೋರ್ಡಿಗೆ ಹಾಕೋಣ್ವಾ?"

ಪಟ್ಟಿ ಗೋಡೆಯ ಮೇಲಿರಲಿಲ್ಲ. ಮುಚ್ಚಿದ ಬಾಗಿಲೊಂದರ ಹೊರಮೈಗೆ, ಒಂದು ಸುಕ್ಕೂ ಇಲ್ಲದೆ ಅಂಟಿಸಿದ್ದ. ಅದರ ಪಕ್ಕದಲ್ಲೇ ಹೊಸ ಚಿಲಕ, ತಿರುಪುಗಳು ಇನ್ನೂ ಹೊಳೆಯುತ್ತಿದ್ದವು. ಚಿಲಕಕ್ಕೆ ಬೀಗ.

ಕೆಳಗೆ ಇನ್ನೊಂದು ಸಂದೇಶ ಬಂತು. 'ನೇರ ಇದೆಯಾ ಮೇಡಂ?'

ಮೇಷ್ಟ್ರು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು.

"ಗಾಡಿ ತೆಗೀರಿ ಮೇಷ್ಟ್ರೇ," ಎಂದರು ಮೇಡಂ, ವಿಳಾಸವಿದ್ದ ಅರ್ಜಿಯನ್ನು ಮಡಚಿಕೊಳ್ಳುತ್ತ. "ಮೊದಲು ಪೊಲೀಸ್ ಠಾಣೆ ಹತ್ರ ನಿಲ್ಲಿಸಿ."

ಮೆಟ್ಟಿಲಿಳಿಯುವಾಗಲೂ ಅವರ ಕಣ್ಣು ಫೋನಿನಲ್ಲೇ ಇತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಬೆಳಕಿನ ಗೆರೆ. ಗೆರೆಯ ನಡುವೆ, ಬಾಗಿಲಿಗೆ ಒತ್ತಿ ನಿಂತ ಎರಡು ಪಾದಗಳ ನೆರಳು. ಒಳಗೆ ಇಬ್ಬರಿರಬೇಕಿತ್ತು. ಇನ್ನೆರಡು ಪಾದಗಳಿಗಾಗಿ ಮೇಡಂ ಚಿತ್ರವನ್ನು ದೊಡ್ಡದು ಮಾಡಿ ಹುಡುಕಿದರು, ಮತ್ತಷ್ಟು ದೊಡ್ಡದು ಮಾಡಿ ಹುಡುಕಿದರು.