ಎರಡು ಜಡೆಯ ಫೋಟೊ

ಲಾಯರಮ್ಮ ಕೋರ್ಟ್ ಹಾಲಿನಿಂದ ಹೊರಬಂದು ಮೊಬೈಲ್ ಆನ್ ಮಾಡಿದರೆ ಅಮ್ಮನ ಕರೆ ಒಂದಲ್ಲ ಎರಡಲ್ಲ, ಇಪ್ಪತ್ತಮೂರು! "ಅಯ್ಯೋ, ಈ ಅಮ್ಮನ ಕಾಟವೇ" ಎಂದು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಪೇದೆಯೊಬ್ಬ ಎದುರಿಗೆ ಬಂದು ಒಂದು ಹಳೆಯ ಫೋಟೊ ಹಿಡಿದ. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಎಂಟು ವರ್ಷದ ಹುಡುಗಿ.

"ಇವ್ರು ಕಾಣೆಯಾಗಿದಾರೆ ಅಂತ ದೂರು ಬಂದಿದೆ ಮೇಡಂ. ವಯಸ್ಸು ಮೂವತ್ತಾರು," ಅಂದ, ನಗು ತಡೆದುಕೊಂಡು. "ನೀವೇ ಅಲ್ವಾ?"

ಎಂಟನೇ ವಯಸ್ಸಿನಲ್ಲಿ ಶಾಲೆಯ ಗೇಟಿನಿಂದ ಅವಳನ್ನು ಯಾರೋ ಎತ್ತಿಕೊಂಡು ಹೋಗಿದ್ದು ನಿಜ. ಹನ್ನೊಂದು ದಿನ ಬೀಗ ಹಾಕಿದ ಕೋಣೆಯಲ್ಲಿದ್ದು ಬದುಕಿ ಬಂದಿದ್ದೂ ನಿಜ. ಯಾರೇ ಕಾಣೆಯಾದರೂ ಠಾಣೆಯವರು ಕೂಡಲೇ ದೂರು ಬರೆದುಕೊಳ್ಳಬೇಕು ಎಂದು ವರ್ಷಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿ ಆದೇಶ ತಂದವಳೂ ಅವಳೇ. ಹೆತ್ತ ತಾಯಿ ಅದನ್ನು ಅವಳ ಮೇಲೇ ಪ್ರಯೋಗಿಸುವುದೇ? ಆ ಮನೆಯಲ್ಲಿ ಅವಳಿಗೆ ಒಂಬತ್ತು ತುಂಬುವುದು ಯಾವಾಗ? ಬೇರೆ ಊರಿನ ಕೆಲಸದ ಮಾತೆತ್ತಿದಾಗಿನಿಂದ ಅಮ್ಮ ಊಟ ಬಿಟ್ಟು ಕೂತಿದ್ದಳು. ನಾಳೆಯೊಳಗೆ ಒಪ್ಪಿಗೆ ತಿಳಿಸದಿದ್ದರೆ ಕೆಲಸ ಕೈತಪ್ಪುತ್ತಿತ್ತು. ಅಮ್ಮ ಹೂಂ ಅನ್ನದೆ ಹೋಗಲು ಇವಳಿಗೂ ಮನಸ್ಸಿಲ್ಲ.

ಸಿಡಿಮಿಡಿಗುಟ್ಟುತ್ತ ಪೇದೆಯ ಜೊತೆ ಠಾಣೆಗೆ ಹೋದರೆ, ಅಮ್ಮ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತಿದ್ದಳು. ಮಗಳ ಮುಖ ಕಂಡದ್ದೇ ದೊಡ್ಡ ಉಸಿರು ಬಿಟ್ಟಳು.

"ಮಾನ ಹರಾಜು ಹಾಕ್ಬಿಟ್ಯಲ್ಲಮ್ಮಾ! ಫೋನ್ ಆಫ್ ಆಗಿದ್ರೆ ಕೋರ್ಟಲ್ಲಿದೀನಿ ಅಂತ ಅರ್ಥ, ಎಷ್ಟು ಸಲ ಬಡ್ಕೊಂಡಿದೀನಿ? ಅದೂ ಈ ಫೋಟೊ ಕೊಡೋದಾ? ಮೊನ್ನೆ ತೆಗೆಸಿದ್ದು ಇರ್ಲಿಲ್ವಾ?"

"ಹೆದರ್ಕೊಂಡು ಕೈಗೆ ಸಿಕ್ಕಿದ್ದು ತಂದೆ. ಅವತ್ತು ತಂದಿದ್ದೂ ಇದೇ ಕಣೇ," ಅಂದಳು ಅಮ್ಮ. "ಯಾರೂ ಇಸ್ಕೊಳ್ಳಲಿಲ್ಲ. ಎಲ್ಲೋ ಆಡೋಕೆ ಹೋಗಿರ್ತಾಳೆ ಹೋಗಮ್ಮ ಅಂದ್ರು. ಅಗೋ, ಆ ಬೆಂಚಿನ ಮೇಲೆ ಎರಡು ದಿನ ಕೂತಿದ್ದೆ."

ಲಾಯರಮ್ಮ ಆ ಬೆಂಚಿನತ್ತ ತಿರುಗಿದಳು. ಇಷ್ಟು ವರ್ಷದಲ್ಲಿ ಅಮ್ಮ ಈ ಮಾತು ಆಡಿರಲಿಲ್ಲ.

"ಇವತ್ತು ಕುರ್ಚಿ ಕೊಟ್ರು. ಹತ್ತೇ ನಿಮಿಷಕ್ಕೆ ಬರ್ಕೊಂಡ್ರು. ಫೋಟೊನೂ ಇಸ್ಕೊಂಡ್ರು."

ಪೇದೆ ರಿಜಿಸ್ಟರ್ ಮುಂದಿಟ್ಟ. "ಮಗಳು ಸಿಕ್ಕಿದ್ರು ಅಂತ ಒಂದು ಸಹಿ ಹಾಕಮ್ಮ."

ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಫೋಟೊ ಒರೆಸಿ ಚೀಲದೊಳಗಿಟ್ಟುಕೊಂಡಳು.

"ನೀನು ಹೋಗೋ ಆ ಊರಲ್ಲೂ ಹೀಗೇ ಬರ್ಕೊಳ್ತಾರಾ?"

"ಬರ್ಕೊಳ್ಳೇಬೇಕಮ್ಮ."

"ಹಾಗಾದ್ರೆ ಹೋಗು," ಅಂದಳು ಅಮ್ಮ. "ಫೋನ್ ಮಾತ್ರ ಆಫ್ ಮಾಡ್ಬೇಡ."