ತೊಂಬತ್ತು ದಿನದ ಬೆರಳು

ಹದಿನೈದು ದಿನ ಇದ್ದು ಹೋಗೋಣವೆಂದು ಬಂದ ಮುದುಕಿ ಮಗನ ಮನೆಯಲ್ಲಿ ಎಂಬತ್ತೇಳನೆಯ ಬೆಳಗ್ಗೆ ಎದ್ದು ಕೂತಳು. ಎಷ್ಟು ದಿನವಾಯಿತೆಂದು ಅವಳು ನೆನಪಿಡಬೇಕಾಗಿರಲಿಲ್ಲ. ಮಂಚದ ತಲೆಯ ಕಡೆ ಗೋಡೆಗೆ ಸೊಸೆ ಅಂಟಿಸಿದ್ದ ಹಾಳೆಯಲ್ಲಿ ದಿನಕ್ಕೊಂದು ಗೀಟು ಬೀಳುತ್ತಿತ್ತು.

ಕೋಣೆ ಹೆಸರಿಗೆ ಅವಳದು, ನಿಜಕ್ಕೆ ಡಬ್ಬಿಗಳದು. ಮೂರು ಗೋಡೆಗೂ ಹಲಗೆ ಹೊಡೆದು ಗಾಜಿನ ಪುಟ್ಟ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ್ದರು. ಬಿಸಿಲು ಬೀಳಬಾರದೆಂದು ಕಿಟಕಿಗೆ ಕಂದು ಕಾಗದ, ಧೂಳು ನುಗ್ಗಬಾರದೆಂದು ಸಂದಿಗೆಲ್ಲ ಟೇಪು. ತಣ್ಣಗಾಗಬಾರದೆಂದು ಮೂಲೆಯಲ್ಲಿ ಒಂದು ಹೀಟರು ಹಗಲೂ ಇರುಳೂ ಕೆಂಪಗೆ ಕಣ್ಣು ಬಿಟ್ಟುಕೊಂಡು ಕೂತಿತ್ತು. "ಬೆಚ್ಚಗಿದ್ರೆ ಕೆಡೋದು ಬೇಗ ಕೆಡತ್ತೆ ಅತ್ತೆ, ನಮಗೂ ಬೇಗ ಗೊತ್ತಾಗತ್ತೆ" ಎಂದಿದ್ದಳು ಸೊಸೆ. ಬೇಗ ಕೆಡುವ ಸಾಮಾನಿನಲ್ಲಿ ತನ್ನನ್ನೂ ಸೇರಿಸಿಕೊಂಡಳೋ ಏನೋ ಎಂದು ಮುದುಕಿ ಆಗ ನಕ್ಕಿದ್ದಳು. ಈಗ ಆ ಮಾತಿಗೆ ನಗು ಬರುತ್ತಿರಲಿಲ್ಲ.

ಸೊಸೆ ಮನೆಯಲ್ಲೇ ಮುಖಕ್ಕೆ ಹಚ್ಚುವ ಕ್ರೀಮು ಮಾಡುತ್ತಿದ್ದಳು. ಲೋಳೆಸರದ ತಿರುಳು, ಎಣ್ಣೆ, ಕಾಯಿಸಿ ಆರಿಸಿದ ನೀರು. ಕಡೆದು ತೆಗೆದಾಗ ಅದು ಬೆಣ್ಣೆಯ ಹಾಗೆ ಇರುತ್ತಿತ್ತು. ಆದರೆ ನೀರು ಸೇರಿದ ಪದಾರ್ಥ ಯಾರ ಮಾತು ಕೇಳುತ್ತದೆ? ವಾರ ಕಳೆದರೆ ಬೂಷ್ಟು. ಊರಿನ ದೊಡ್ಡ ಅಂಗಡಿಯೊಂದು ಇನ್ನೂರು ಡಬ್ಬಿ ಬೇಕೆಂದಿತ್ತು, ಮೂರು ತಿಂಗಳು ತಾಳಬೇಕು, ಕೆಮಿಕಲ್ ಒಂದು ಚೂರೂ ಇರಬಾರದು ಎಂಬ ಷರತ್ತು ಹಾಕಿ. ಅದಕ್ಕೆ ಸೊಸೆ, ಕೆಡದಂತೆ ಕಾಯುವ ನಾಲ್ಕು ಬಗೆಯನ್ನು ಆರಿಸಿಕೊಂಡು ಬಗೆಗೆ ಹತ್ತರಂತೆ ನಲವತ್ತು ಡಬ್ಬಿ ತುಂಬಿದಳು. ಒಂದು ಸಾಲಿಗೆ ಜೇನು. ಒಂದಕ್ಕೆ ವಿಟಮಿನ್ ಮಾತ್ರೆಯೊಳಗಿನ ಎಣ್ಣೆ. ಒಂದಕ್ಕೆ ಲವಂಗದ ಎಣ್ಣೆ. ಕೊನೆಯದಕ್ಕೆ ಮೂಲಂಗಿಯ ಬೇರನ್ನು ಹುಳಿಬರಿಸಿ ಸೋಸಿದ ರಸ. ಅದು ಸೀಸೆಯಲ್ಲಿ ಬರುತ್ತಿತ್ತು.

"ಮುಚ್ಚಿಟ್ಟ ಡಬ್ಬಿ ಯಾವುದಾದ್ರೂ ತಾಳತ್ತೆ ಅತ್ತೆ. ಜನ ದಿನಾ ಬೆರಳು ಹಾಕ್ತಾರಲ್ಲ, ಅದಕ್ಕೆ ತಾಳ್ಬೇಕು. ನೀವು ದಿನಾ ಎರಡು ಹೊತ್ತು ಒಂದೊಂದಕ್ಕೂ ಬೆರಳಿಟ್ಟು ಮೂಸಿ ನೋಡಿ. ನನಗೋ ವರ್ಷವೆಲ್ಲಾ ನೆಗಡಿ. ನಿಮ್ಮ ಮೂಗಿನ ಮುಂದೆ ಯಾವ ಮಷೀನೂ ಇಲ್ಲ."

ಆ ಮಾತು ಸುಳ್ಳಲ್ಲ. ಮುದುಕಿ ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಪಟ್ಟಿ ಬಿಚ್ಚುವ ಮೊದಲೇ ಗಾಯ ಕೀವಾಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಡಾಕ್ಟರು ಬಂದು ನೋಡಿ "ಹೂಂ" ಅನ್ನುತ್ತಿದ್ದರು, ಅಷ್ಟೆ.

ಹೀಗೆ ಹದಿನೈದು ದಿನ ತೊಂಬತ್ತಾಯಿತು. ಬೆಳಗ್ಗೆ ಎಂಟಕ್ಕೆ ನಲವತ್ತು, ಸಂಜೆ ಆರಕ್ಕೆ ನಲವತ್ತು. ನಡುವೆ ಹೋಗುವುದಾದರೂ ಎಲ್ಲಿಗೆ? ನಾಲ್ಕನೆಯ ಮಹಡಿ, ಮೊಣಕಾಲು ನೋವು, ಲಿಫ್ಟು ಕೆಟ್ಟಿತ್ತು. ಲಿಫ್ಟು ರಿಪೇರಿ ಮಾಡುವವನೇ ಅವಳ ಮಗ. ಊರಿನ ಲಿಫ್ಟೆಲ್ಲ ಸರಿಮಾಡಿ ಬರುವವನು ತನ್ನ ಕಟ್ಟಡದ್ದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಅಮ್ಮಾ, ಮೂವತ್ತು ವರ್ಷ ಆಸ್ಪತ್ರೆ ಚಾಕರಿ ಮಾಡಿ ರಿಟೈರಾದೆ. ಈಗ ಸೊಸೆ ಸರ್ಕಾರದಲ್ಲಿ ಪರ್ಮನೆಂಟ್ ಆದೆ ನೋಡು" ಎಂದು ತಮಾಷೆ ಮಾಡುತ್ತಿದ್ದ. ಮೂಸಿ ಮೂಸಿ ಮುದುಕಿಗೆ ಅನ್ನದಲ್ಲೂ ಕ್ರೀಮಿನ ವಾಸನೆ ಬರತೊಡಗಿತ್ತು.

ಹದಿನೇಳನೆಯ ದಿನ ಜೇನಿನ ಸಾಲು ಹುಳಿಯಿತು. ವಿಟಮಿನ್ ಸಾಲಿನ ಕತೆ ಬೇರೆ: ಎಣ್ಣೆ ಕಮಟಾಗಲಿಲ್ಲ, ಅದರ ಮೇಲೆ ಬೆಕ್ಕಿನ ಮರಿಯ ಹಾಗೆ ಬೂದು ರೋಮ ಎದ್ದಿತು. ಎಣ್ಣೆಯನ್ನು ಕಾಯುವುದು ನೀರನ್ನು ಕಾಯುವುದಿಲ್ಲ ಎಂದು ಆಗ ಸೊಸೆಗೆ ತಿಳಿಯಿತು. ಲವಂಗ ಕೆಡಲಿಲ್ಲ, ಆದರೆ ಕೆನ್ನೆಗೆ ಹಚ್ಚಿದರೆ ಉರಿ, ಮೇಲೆ ಹಲ್ಲಿನ ಡಾಕ್ಟರ ವಾಸನೆ. "ಇದನ್ನ ಹಚ್ಕೊಂಡ್ರೆ ಗಂಡ ಹಲ್ಲು ತೋರಿಸ್ಕೊಂಡು ಬರ್ತಾನೆ" ಎಂದಿದ್ದ ಮಗ. ಮೂಲಂಗಿಯ ಸಾಲು ಮಾತ್ರ ಹತ್ತಕ್ಕೆ ಹತ್ತೂ ಮೊದಲ ದಿನದಂತೆಯೇ ನಿಂತಿತ್ತು. ಸೊಸೆ ಅದನ್ನೇ ಹಾಕಿ ಇನ್ನೂರು ಡಬ್ಬಿ ತುಂಬಿ, ಚೀಟಿ ಅಂಟಿಸಿ, ತೊಂಬತ್ತು ತುಂಬುವುದನ್ನೇ ಕಾಯುತ್ತಿದ್ದಳು.

ಮುದುಕಿಯೂ ಕಾಯುತ್ತಿದ್ದಳು. ಬಸ್ಸಿನಲ್ಲಿ ಒಂದು ಹಗಲಿನ ದಾರಿಯಾಚೆ ಅವಳ ತಂಗಿಯ ಮನೆ. ಇಬ್ಬರಿಗೂ ಗಂಡಂದಿರಿಲ್ಲ. ಹಿತ್ತಲ ಕೋಣೆಯನ್ನು ಅಕ್ಕನಿಗೆಂದು ತಂಗಿ ಸುಣ್ಣ ಬಳಿಸಿ ಖಾಲಿ ಇಟ್ಟಿದ್ದಳು. ಮಗ್ಗಿ ಹೇಳಿಕೊಡುವ ಟೀಚರೊಬ್ಬಳು ಅದನ್ನು ಬಾಡಿಗೆಗೆ ಕೇಳುತ್ತಿದ್ದಳು. "ತಿಂಗಳ ಕೊನೇವರೆಗೂ ತಡೀತೀನಕ್ಕ. ಆಮೇಲೂ ನೀನು ಬರದಿದ್ರೆ ಅವಳಿಗೆ ಕೊಡ್ತೀನಿ. ಒಬ್ಬಳೇ ಇರೋಕೆ ನನಗೂ ಹೆದರಿಕೆ" ಎಂದಿದ್ದಳು ತಂಗಿ. ತೊಂಬತ್ತು ಮುಗಿದ ಮೇಲೆ ತಿಂಗಳು ಮುಗಿಯಲು ಮೂರು ದಿನ ಉಳಿಯುತ್ತಿತ್ತು.

ಇದನ್ನು ಅವಳು ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. "ತಂಗಿ ಹತ್ರ ನಾಲ್ಕು ದಿನ ಇದ್ದು ಬರ್ತೀನಿ" ಎಂದಷ್ಟೇ ಹೇಳಿದ್ದಳು. ಇನ್ನು ಅಲ್ಲೇ ಇರುತ್ತೇನೆ ಎಂದರೆ ಸೊಸೆಯ ಮುಖ ಏನಾಗುತ್ತದೆ? ಊಟಕ್ಕೆ ಕೂತರೆ ಮೊದಲ ತುತ್ತಿನ ಬಿಸಿ ನೋಡಿ ಬಡಿಸುವ ಹುಡುಗಿ. ಬೈದಿದ್ದರೆ, ಹೊಡೆದಿದ್ದರೆ ಬಾಗಿಲು ದಾಟಿ ಹೋಗಬಹುದಿತ್ತು. ಪ್ರೀತಿಯಿಂದ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು ಹೇಗೆ?

ಎಂಬತ್ತೇಳನೆಯ ದಿನ ಮಧ್ಯಾಹ್ನ ಕೆಳಮಹಡಿಯ ಟೇಲರಮ್ಮ ಏದುಸಿರು ಬಿಡುತ್ತ ಬಂದಳು. ಹತ್ತರ ಮೇಲೆ ಮಿಕ್ಕಿದ್ದ ಮೂಲಂಗಿಯ ಡಬ್ಬಿಯೊಂದನ್ನು ಸೊಸೆ ಅವಳಿಗೆ ತಿಂಗಳ ಹಿಂದೆ ಸುಮ್ಮನೆ ಕೊಟ್ಟಿದ್ದಳು.

"ನಿನ್ನ ಸೊಸೆ ಇಲ್ವಾ? ಒಳ್ಳೇದಾಯ್ತು. ನೋಡಮ್ಮಾ ಇದನ್ನ."

ಮುಚ್ಚಳ ತೆಗೆದಳು. ಅಂಚಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಟೇಲರಮ್ಮನ ಎಡಗಣ್ಣಿನ ಕೆಳಗೆ ರಾಗಿಕಾಳಿನಷ್ಟು ಗುಳ್ಳೆಗಳು.

"ಒಲೆ ಪಕ್ಕ ಇಟ್ಟಿದ್ಯಾ?"

"ಒಲೇನೂ ಇಲ್ಲ ಗಿಲೇನೂ ಇಲ್ಲ, ಮಷೀನ್ ಪಕ್ಕ ಇತ್ತು. ಹೊಲೀತಾ ಹೊಲೀತಾ ಮುಖ ಒಣಗಿದ್ರೆ ಬೆರಳು ಹಾಕಿ ಹಚ್ಚಿ ಮತ್ತೆ ಹೊಲಿಯೋದು."

ಮುದುಕಿ ಅವಳ ಬೆರಳುಗಳನ್ನು ನೋಡಿದಳು. ಸೀಮೆಸುಣ್ಣದ ಪುಡಿ, ಬಟ್ಟೆಯ ಜುಂಗು, ಮಷೀನಿನ ಎಣ್ಣೆ. ದಾರದ ತುದಿಯನ್ನು ಎಂಜಲು ಮಾಡಿ ಹೊಸೆಯುವ ಬೆರಳು.

"ಕೈ ತೊಳ್ಕೊಳ್ಳಲ್ವಾ ಹಚ್ಚೋ ಮೊದಲು?"

"ಅಯ್ಯೋ, ಕ್ರೀಮು ಹಚ್ಚೋಕೆ ಯಾರು ಕೈ ತೊಳೀತಾರೆ ತಾಯೀ! ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು. ನಿಮ್ಮನೇಲಿ ಕೈ ಕೆಸರಾದ್ರೆ ಮುಖಾನೇ ಮೊಸರು!" ತನ್ನ ಮಾತಿಗೆ ತಾನೇ ನಕ್ಕು ಟೇಲರಮ್ಮ ಇಳಿದುಹೋದಳು.

ಮುದುಕಿ ನಗಲಿಲ್ಲ. ಮೂವತ್ತೊಂದು ವರ್ಷ ಅವಳು ಏನನ್ನೂ ಕೈ ತೊಳೆಯದೆ ಮುಟ್ಟಿದವಳಲ್ಲ. ಮೊದಲು ಸೋಪು, ಉಗುರಿನ ಸಂದಿ, ಮೊಣಕೈವರೆಗೆ ನೊರೆ, ಮತ್ತೆ ಸೋಪು, ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಒರಸುವುದು. ಉಸಿರಾಡುವವರಿಗೆ ಉಸಿರು ನೆನಪಿರುತ್ತದೆಯೇ? ಎಂಬತ್ತೇಳು ದಿನ, ಎರಡೆರಡು ಹೊತ್ತು, ಅವಳು ಆಪರೇಷನ್ನಿಗೆ ಇಳಿಯುವ ಡಾಕ್ಟರಂತೆ ಕೈ ತೊಳೆದು ಬಂದು ಡಬ್ಬಿಗೆ ಬೆರಳಿಟ್ಟಿದ್ದಳು. ಸೊಸೆ ಕೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಮೂಲಂಗಿಯ ರಸ ತಡೆದದ್ದು ಜನರ ಬೆರಳನ್ನಲ್ಲ, ಆಯಾಳ ಬೆರಳನ್ನು.

ಹೇಳಿದರೆ ಇನ್ನೂರು ಡಬ್ಬಿ ಚರಂಡಿಗೆ. ಹೊಸದಾಗಿ ನಲವತ್ತು ಡಬ್ಬಿ, ಹೊಸದಾಗಿ ತೊಂಬತ್ತು ದಿನ, ಇದೇ ಮಂಚ, ಇದೇ ಹೀಟರು. ತಂಗಿಯ ಕೋಣೆ ಟೀಚರಿಗೆ. ಹೇಳದಿದ್ದರೆ? ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಬಸ್ಸು.

ಟೇಲರಮ್ಮನ ಗುಳ್ಳೆ ನಾಲ್ಕು ದಿನದಲ್ಲಿ ಒಣಗುವಂಥದು, ಅದು ಅವಳಿಗೆ ಗೊತ್ತಿತ್ತು. ಯಾರಿಗೇನು ಮಹಾ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮಗ್ಗುಲು ಬದಲಿಸಿದರೆ ಇನ್ನೂರು ಡಬ್ಬಿ ಕಣ್ಣಿಗೆ ಬರುತ್ತಿದ್ದವು. ಇನ್ನೂರು ಮನೆ. ಒಂದು ಮನೆಯಲ್ಲಿ ಬಾಣಂತಿ ಇರಬಹುದು, ಇನ್ನೊಂದರಲ್ಲಿ ಸುಟ್ಟ ಗಾಯ ಮಾಯುತ್ತಿರಬಹುದು, ಮತ್ತೊಂದರಲ್ಲಿ ಮಗು ಅದೇ ಡಬ್ಬಿಗೆ ಕೈ ಹಾಕಿ ಕಣ್ಣುಜ್ಜಿಕೊಳ್ಳಬಹುದು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಎರಡು ದಿನ ಕಳೆದಳು. ಟೇಲರಮ್ಮ ಬಿಟ್ಟುಹೋದ ಡಬ್ಬಿ ಅವಳ ದಿಂಬಿನ ಕೆಳಗೇ ಇತ್ತು.

ಎಂಬತ್ತೊಂಬತ್ತನೆಯ ದಿನ ಮಗ ಟಿಕೆಟ್ಟು ತಂದುಕೊಟ್ಟ. "ಕಿಟಕಿ ಪಕ್ಕದ್ದೇ ಸಿಕ್ತು ಕಣಮ್ಮಾ, ನಾಡಿದ್ದು ಬೆಳಗ್ಗೆ." ಮುದುಕಿ ಅದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡಳು. ಎರಡು ಸೀರೆ, ಕನ್ನಡಕ, ಮೊಣಕಾಲಿನ ಮುಲಾಮು ಆಗಲೇ ಚೀಲ ಸೇರಿದ್ದವು.

ಸಂಜೆ ಸೊಸೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವಳು ಹಾಗೇ ಎದ್ದು ಬಂದಳು. ಕೈಯನ್ನು ಸೆರಗಿಗೆ ಒರಸಿಕೊಂಡು ಹೊಸ ಡಬ್ಬಿಯೊಂದರ ಮುಚ್ಚಳ ತೆಗೆದು ಬೆರಳು ಅದ್ದಿದಳು. "ಬಸ್ಸಿನ ಗಾಳಿಗೆ ಮುಖ ಬಿರಿಯತ್ತೆ ಅತ್ತೆ, ಇವತ್ತಿಂದಲೇ ಹಚ್ಕೊಳ್ಳಿ. ಮೊದಲ ಡಬ್ಬಿ ನಿಮಗೇ. ಇನ್ನೊಂದು ಚಿಕ್ಕತ್ತೆಗೂ ತಗೊಂಡು ಹೋಗಿ" ಎನ್ನುತ್ತ ಮುದುಕಿಯ ಗಲ್ಲ ಹಿಡಿದು, ಮಗುವಿಗೆ ಹಚ್ಚುವ ಹಾಗೆ ಎರಡೂ ಕೆನ್ನೆಗೆ ತೀಡತೊಡಗಿದಳು. ಬೆರಳಿನ ಉಗುರಲ್ಲಿ ಈರುಳ್ಳಿಯ ಸಿಪ್ಪೆ ಇತ್ತು.

"ಕೈ ತೊಳೆದಿದ್ಯೇನೇ?" ಮುದುಕಿಯ ಬಾಯಿಂದ ಅವಳನ್ನೂ ಕೇಳದೆ ಮಾತು ಬಿತ್ತು.

"ಒರೆಸ್ಕೊಂಡೆನಲ್ಲ. ಯಾಕತ್ತೆ?"

ಮಾಡಿದವಳೇ ತೊಳೆಯದಿದ್ದರೆ ಕೊಂಡವರು ತೊಳೆಯುತ್ತಾರೆಯೇ? ಮುದುಕಿ ದಿಂಬಿನ ಕೆಳಗಿನ ಡಬ್ಬಿ ತೆಗೆದು ಸೊಸೆಯ ಮಡಿಲಿಗೆ ಹಾಕಿದಳು. ಟೇಲರಮ್ಮನ ವಿಷಯ, ತನ್ನ ಸೋಪಿನ ವಿಷಯ, ಎಲ್ಲವನ್ನೂ ಹೇಳಿದಳು. ಸೊಸೆ ಚುಕ್ಕೆಗಳನ್ನು ನೋಡುತ್ತಲೇ ಕೂತಳು.

"ಡಬ್ಬಿ ಮೇಲೆ ಕೈ ತೊಳೆದು ಹಚ್ಚಿ ಅಂತ ಇನ್ನೊಂದು ಚೀಟಿ ಅಂಟಿಸಿದ್ರೆ?"

"ಆಸ್ಪತ್ರೇಲಿ ಬೇಸಿನ್ ಮೇಲೇನೇ ಬರೆದಿತ್ತಮ್ಮ, ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ. ಡಾಕ್ಟರುಗಳು ಅದನ್ನ ಓದ್ತಾ ಪಕ್ಕದಲ್ಲೇ ಹೋಗೋರು."

ಸೊಸೆ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಅಂಗಡಿಗೆ ಫೋನು ಮಾಡಿ ಏನು ಹೇಳಬೇಕೆಂದು ಎರಡು ಸಲ ಬಾಯಲ್ಲೇ ಹೇಳಿಕೊಂಡು, ಆಮೇಲೆ ಮಾಡಿದಳು. ಅವರು ಮೂರು ತಿಂಗಳು ತಡೆಯಲು ಒಪ್ಪಿದರು, ಒಂದು ದಿನ ಹೆಚ್ಚಿಲ್ಲ. ಫೋನಿಟ್ಟು ಅವಳು ಅತ್ತೆಯ ಕಾಲಬುಡದಲ್ಲಿ ಕೂತಳು.

"ನೀವು ಸುಮ್ಮನಿದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ನಿಮ್ಮಂಥವರು ಯಾರಿಗೆ ಸಿಗ್ತಾರೆ ಹೇಳಿ? ಈ ಸಲ ಮೂಲಂಗಿ ರಸದ ಜೊತೆ ಇನ್ನೇನಾದ್ರೂ ಸೇರಿಸಿ ನೋಡೋಣ. ಟೇಲರಮ್ಮನ್ನೂ ಬೆರಳು ಹಾಕೋಕೆ ಕರೆಯೋಣ. ಆದ್ರೆ ಮೂಸೋದು ನೀವೇ. ತಂಗಿ ಊರು ಎಲ್ಲಿಗೆ ಓಡಿಹೋಗತ್ತೆ? ಇದು ಮುಗೀಲಿ, ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಆಯ್ತಾ?"

ಮುದುಕಿ ಸೊಸೆಯ ತಲೆಯ ಮೇಲೆ ಕೈಯಿಟ್ಟಳು. ತಂಗಿಯ ಕೋಣೆಯ ಮಾತು ನಾಲಿಗೆಯ ತುದಿಗೆ ಬಂತು. ಈಗ ಹೇಳಿದರೆ ಈ ಹುಡುಗಿ ಕಳಿಸಿಯೇ ಕಳಿಸುತ್ತಾಳೆ, ಅತ್ತೆ ನನ್ನನ್ನು ಬಿಟ್ಟುಹೋಗಲು ದಿನ ಎಣಿಸುತ್ತಿದ್ದಳು ಎಂದು ಹೊಟ್ಟೆಯಲ್ಲಿಟ್ಟುಕೊಂಡು ಕಳಿಸುತ್ತಾಳೆ. ಇನ್ನೂರು ಡಬ್ಬಿ ಹೋದ ದಿನವೇ ಅದನ್ನೂ ಕೊಡಬೇಕೇ?

"ಆಯ್ತಮ್ಮ" ಎಂದಳು.

ಸೊಸೆ ಹೀಟರಿನ ಕಿವಿ ತಿರುಗಿಸಿ ಸರಿಮಾಡಿ, ಗೋಡೆಯ ಹಾಳೆ ಕಿತ್ತು ಹೊಸದೊಂದನ್ನು ಅಂಟಿಸಿ, ಡಬ್ಬಿ ತೊಳೆಯಲು ಹೋದಳು. ಮುದುಕಿ ಬಾಗಿಲು ಮುಂದೆ ಮಾಡಿ ತಂಗಿಗೆ ಫೋನು ಹಚ್ಚಿದಳು.

"ಕೋಣೆ ಟೀಚರಿಗೆ ಕೊಟ್ಬಿಡು."

"ಮೈ ಹುಷಾರಿಲ್ವಾ ಅಕ್ಕ?"

"ಚೆನ್ನಾಗಿದೀನಿ. ತುಂಬ ಚೆನ್ನಾಗಿ ನೋಡ್ಕೋತಾರೆ."

"ಮುಚ್ಚಿಡೋದು ಬಿಡು, ನಿಜ ಹೇಳು."

"ನಿಜಾನೇ ಕಣೇ. ಅದೇ ಬಂದಿರೋ ಕಷ್ಟ."

ತಂಗಿ ಮತ್ತೆ ಕೇಳಲಿಲ್ಲ. ಅರವತ್ತು ವರ್ಷದಿಂದ ಅಕ್ಕನನ್ನು ಬಲ್ಲವಳು. ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ ದನಿ ಗಟ್ಟಿಮಾಡಿಕೊಂಡು, "ಆ ಟೀಚರು ಹುಡುಗಿ ನಿನ್ನೇನೂ ಬಂದಿದ್ಲು. ಬಟ್ಟೆ ನೇತುಹಾಕೋಕೆ ಒಳಗೆ ಮೊಳೆ ಇದೆಯಾ ಅಂತ ಕೇಳಿದ್ಲು. ನಾನು ನೋಡೇ ಇಲ್ಲ" ಎಂದಳು.

"ಇದೆ ಅನ್ನು. ಬಾಗಿಲ ಹಿಂದೆ, ಎರಡು. ಹೋದ ಸಲ ಬಂದಾಗ ನಾನೇ ಹೊಡೆದಿದ್ದೆ."